ಮಾರುತಿ 800 ಹೆಡ್ ಇಳಿಸಬೇಕಂತೆ: ಫೇಸಿಂಗ್ ಮಾಡಿಸಲೇಬೇಕಾ, ಅಳತೆ ನೋಡಿ ಬಿಡಬಹುದಾ?

ಚಿಕ್ಕಬಳ್ಳಾಪುರ_800
ಗಾಡಿ 1998ರ ಮಾರುತಿ 800, ಕಾರ್ಬ್ಯುರೇಟರ್ ಎಂಜಿನ್. ದಿನಕ್ಕೆ ಅರ್ಧ ಲೀಟರ್ ನೀರು ಕುಡೀತಿದೆ, ಕೆಳಗೆ ಎಲ್ಲೂ ಸೋರಿಕೆ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ನಿಮಿಷ ಮಿಸ್ಸಿಂಗ್, ಬಿಳಿ ಹೊಗೆ, ಆಮೇಲೆ ಸರಿ. ನಂದಿ ಬೆಟ್ಟದ ಏರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಹೋಗುತ್ತೆ. ಗ್ಯಾರೇಜಲ್ಲಿ ನೋಡಿದ ತಕ್ಷಣ ಹೇಳಿದ್ದು "ಹೆಡ್ ಇಳಿಸಿ ಫೇಸಿಂಗ್ ಮಾಡಿಸೋಣ" ಅಂತ, ಅಂದ್ರೆ ಎಂಜಿನ್ ಮೇಲಿನ ಸಿಲಿಂಡರ್ ಹೆಡ್ ಬಿಚ್ಚಿ ಅದರ ತಳವನ್ನ ಮೇಷಿನ್‌ನಲ್ಲಿ ಸಮ ಮಾಡಿಸೋದು. ಸ್ಪ್ಯಾನರ್ ಸೆಟ್ ಇದೆ, ಟಾರ್ಕ್ ರೆಂಚ್ ಬಾಡಿಗೆಗೆ ಸಿಗುತ್ತೆ. ಮನೇಲೇ ಬಿಚ್ಚಬೇಕು ಅಂತಿದೀನಿ. ಎರಡು ಪ್ರಶ್ನೆ: ಹೆಡ್ ಬಿಚ್ಚೋ ಮುಂಚೆ ಏನೇನು ಖಾತ್ರಿ ಮಾಡ್ಕೋಬೇಕು? ಬಿಚ್ಚಿದ ಮೇಲೆ ಫೇಸಿಂಗ್ ಕಡ್ಡಾಯನಾ?

ಬಂಗಾರಪೇಟೆ ಪಾನಾ
ಕಡ್ಡಾಯ. ಹೆಡ್ ಇಳಿಸಿದ ಮೇಲೆ ಫೇಸಿಂಗ್ ಮಾಡಿಸದೆ ಯಾರಾದರೂ ಕೂರಿಸ್ತಾರಾ? ಮತ್ತೆ ಮೂರು ತಿಂಗಳಿಗೆ ಪ್ಯಾಕಿಂಗ್ (ಹೆಡ್ ಗ್ಯಾಸ್ಕೆಟ್) ಹೊಡೆದ್ರೆ ಯಾರು ಹೊಣೆ?

ಲೇತ್ ಮೇಷ್ಟ್ರು
ಕಡ್ಡಾಯ ಅಲ್ಲ. ಅಳತೆ ಏನು ಹೇಳುತ್ತೋ ಅದು. ಅದಕ್ಕೂ ಮುಂಚೆ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವೆ ಕೂರೋ ಹೆಡ್ ಗ್ಯಾಸ್ಕೆಟ್ಟೇ ಹೋಗಿದೆಯಾ ಅಂತ ಸಾಬೀತು ಮಾಡಿ.

ಮೊದಲು ಕಂಪ್ರೆಷನ್ ಗೇಜ್. ಎಂಜಿನ್ ಬಿಸಿ ಇರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು. ಮೂರೂ ಪ್ಲಗ್ ತೆಗೆದು, ಇಗ್ನಿಷನ್ ಕಾಯಿಲ್ ವೈರ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಐದಾರು ಸುತ್ತು ಸೆಲ್ಫ್ ಹೊಡೀರಿ. ಸಿಲಿಂಡರ್‌ಗಳ ನಡುವೆ (ಚದರ ಸೆಂ.ಮೀ.ಗೆ) 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಅನುಮಾನ. ಪಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿದೆ ಅಂತ ಮುಕ್ಕಾಲು ಪಾಲು ಖಾತ್ರಿ. ಒಂದೇ ಬಿದ್ದಿದ್ರೆ ವಾಲ್ವ್ ಅಥವಾ ಪಿಸ್ಟನ್ ರಿಂಗ್: ಒಂದು ಚಮಚ ಎಂಜಿನ್ ಆಯಿಲ್ ಪ್ಲಗ್ ತೂತಿನಲ್ಲಿ ಬಿಟ್ಟು ಮತ್ತೆ ನೋಡಿ. ಏರಿದ್ರೆ ರಿಂಗ್, ಏರದಿದ್ರೆ ವಾಲ್ವ್.

ಪ್ಲಗ್‌ಗಳನ್ನೂ ಸಾಲಾಗಿ ಇಟ್ಟು ನೋಡಿ. ನೀರು ಕುಡಿಯೋ ಸಿಲಿಂಡರ್‌ನ ಪ್ಲಗ್ ಹಬೆಯಲ್ಲಿ ತೊಳೆದಂಗೆ ಬೆಳ್ಳಗೆ, ಕಾರ್ಬನ್ನೇ ಇಲ್ಲದೆ ಇರುತ್ತೆ.

ಶಿರಾಗೇಟ್ ಸವಾರಿ
ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ನೀರು ಬಾಯಿ ಮಟ್ಟಕ್ಕೆ ತುಂಬಿ ಸ್ಟಾರ್ಟ್ ಮಾಡು ಗುರು. ಥರ್ಮೋಸ್ಟಾಟ್ ತೆರೆಯೋ ಮುಂಚೇನೇ ಬುಳಬುಳ ಅಂತ ಗುಳ್ಳೆ ಬಿಡದೆ ಬರ್ತಿದ್ರೆ ಸಿಲಿಂಡರ್ ಗಾಳಿ ನೀರಿಗೆ ಬರ್ತಿದೆ. ಬಿಸಿ ಇರುವಾಗ ಮಾತ್ರ ಮುಚ್ಚಳ ಮುಟ್ಟಬೇಡ, ಮುಖ ಸುಡುತ್ತೆ.

ಹಳೇ ಕಾರ್ಬ್ಯುರೇಟರ್
ಆಯಿಲ್ ಮುಚ್ಚಳದಡಿ ಕಾಫಿ ಕೆನೆ ಥರ ಕಂಡ್ರೆ ಎಲ್ಲರೂ "ಹೆಡ್ ಹೋಯ್ತು" ಅಂತಾರೆ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡೋ ಗಾಡೀಲಿ ಚಳಿಗಾಲದಲ್ಲಿ ಬರೀ ತೇವದಿಂದಲೂ ಅದು ಬರುತ್ತೆ. ಡಿಪ್‌ಸ್ಟಿಕ್‌ನಲ್ಲೂ ಕೆನೆ ಇದ್ರೆ, ಆಯಿಲ್ ಮಟ್ಟ ಏರಿದ್ರೆ ಮಾತ್ರ ಗಾಬರಿಯಾಗಿ.

ಇನ್ನೊಂದು. ಈ ಎಂಜಿನ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ (ಕಾರ್ಬ್ಯುರೇಟರ್‌ನಿಂದ ಹೆಡ್‌ಗೆ ಗಾಳಿ-ಪೆಟ್ರೋಲ್ ಹೋಗೋ ಕೊಳವೆ) ಒಳಗೂ ನೀರು ಓಡುತ್ತೆ. ಅದರ ಪ್ಯಾಕಿಂಗ್ ಹೋದ್ರೂ ನೀರು ಕಮ್ಮಿಯಾಗುತ್ತೆ, ಬಿಳಿ ಹೊಗೆ ಬರುತ್ತೆ, ಕಂಪ್ರೆಷನ್ ಮಾತ್ರ ಸರಿಯಾಗೇ ಇರುತ್ತೆ. ಅದಕ್ಕೋಸ್ಕರ ಹೆಡ್ ಇಳಿಸಿದ್ರೆ ಕೆಲಸ ದಂಡ.

ಚಿಕ್ಕಬಳ್ಳಾಪುರ_800
ಗೇಜ್ ಹಾಕಿ ನೋಡಿದೆ. 1ನೇದು 12.5, 2ನೇದು 7, 3ನೇದು 7.5 ಕೆಜಿ. ಆಯಿಲ್ ಬಿಟ್ಟರೂ ಏರಲಿಲ್ಲ. ಗುಳ್ಳೆ ಬರ್ತಿದೆ. ಆಯಿಲ್ ಸ್ವಚ್ಛ ಇದೆ.

ಲೇತ್ ಮೇಷ್ಟ್ರು
2 ಮತ್ತು 3ರ ನಡುವೆ. ಬಿಚ್ಚಿ, ಇನ್ನೇನೂ ಯೋಚನೆ ಬೇಡ.

ಕೆಜಿಎಫ್ ಫಿಟ್ಟರ್
ಬಿಚ್ಚೋ ಕ್ರಮ ಬರೀತೀನಿ, ನಿಧಾನಕ್ಕೆ ಓದಪ್ಪಾ.

ರಾತ್ರಿಯಿಡೀ ನಿಂತ ಗಾಡಿ ಆಗಿರಬೇಕು. ಅಲ್ಯೂಮಿನಿಯಂ ಹೆಡ್, ಬಿಸಿ ಇದ್ದಾಗ ಬೋಲ್ಟ್ ಸಡಿಲಿಸಿದ್ರೆ ಸೊಟ್ಟಗಾಗುತ್ತೆ. ಮೊದಲು ಬ್ಯಾಟರಿ ಮೈನಸ್ ತೆಗಿ. ರೇಡಿಯೇಟರ್ ನೀರು ಬಿಡೋದು ಎಲ್ಲರಿಗೂ ಗೊತ್ತು, ಬ್ಲಾಕ್‌ನ ಡ್ರೈನ್ ಬೋಲ್ಟ್ ಮಾತ್ರ ಮರೀತಾರೆ. ಅದನ್ನ ಬಿಡದಿದ್ರೆ ಹೆಡ್ ಎತ್ತಿದ ಕ್ಷಣ ನೀರೆಲ್ಲ ಬೋರ್ (ಪಿಸ್ಟನ್ ಓಡಾಡೋ ಸಿಲಿಂಡರ್ ತೂತು) ಒಳಗೆ ಸುರಿಯುತ್ತೆ.

ವ್ಯಾಕ್ಯೂಮ್ ಪೈಪುಗಳಿಗೆ ಮಾಸ್ಕಿಂಗ್ ಟೇಪ್ ಸುತ್ತಿ ನಂಬರ್ ಬರಿ, ನಾಲ್ಕೂ ಕಡೆಯಿಂದ ಫೋಟೊ ತೆಗಿ. ಕಾರ್ಬ್ಯುರೇಟರ್ ಬಿಚ್ಚೋದೇ ಬೇಡ, ಮ್ಯಾನಿಫೋಲ್ಡ್ ಸಮೇತ ಬರುತ್ತೆ. ಪೆಟ್ರೋಲ್ ಪೈಪ್ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಹಾಕು. ಸೈಲೆನ್ಸರ್ ಕಡೆ ನಟ್‌ಗಳಿಗೆ ಹಿಂದಿನ ರಾತ್ರೀನೇ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡು. ಮೊಂಡು ಹಿಡಿದ್ರೆ ಬಲ ಹಾಕಬೇಡ, ಹಿಂದೆ ಮುಂದೆ ಆಡಿಸು. ಸ್ಟಡ್ ಮುರಿದ್ರೆ ಡ್ರಿಲ್ ಮಾಡೋ ಕೆಲಸ ಹೆಡ್ ಕೆಲಸಕ್ಕಿಂತ ದೊಡ್ಡದು.

ಟೈಮಿಂಗ್ ಬೆಲ್ಟ್ ತೆಗೆಯೋ ಮುಂಚೆ 1ನೇ ಸಿಲಿಂಡರ್ ಪಿಸ್ಟನ್ ಮೇಲಕ್ಕೆ ತಂದು, ಕ್ಯಾಮ್ ಪುಲ್ಲಿ ಗುರುತು, ಕ್ರ್ಯಾಂಕ್ ಗುರುತು ಎರಡೂ ಸೇರಿಸು. ಡಿಸ್ಟ್ರಿಬ್ಯೂಟರ್ ರೋಟರ್ ಎತ್ತ ನೋಡ್ತಿದೆ ಅಂತ ಬಾಡಿ ಮೇಲೆ ಬಣ್ಣದಲ್ಲಿ ಗೀಚು. ಬೆಲ್ಟ್ ತೆಗೆದ ಮೇಲೆ ಹೆಡ್ ಮೇಲಿರುವ ತನಕ ಕ್ರ್ಯಾಂಕೂ ತಿರುಗಿಸಬೇಡ, ಕ್ಯಾಮೂ ತಿರುಗಿಸಬೇಡ.

ಹೆಡ್ ಬೋಲ್ಟ್ 8 ಇವೆ. ಎರಡೂ ತುದಿಯಿಂದ ಶುರು ಮಾಡಿ ನಡುವಿಗೆ ಬಾ, ಒಂದೊಂದಕ್ಕೆ ಅರ್ಧ ಸುತ್ತು, ಮೂರು ಸರದಿ. ಬಿಗಿ ಮಾಡುವಾಗ ಇದಕ್ಕೆ ಉಲ್ಟಾ, ನಡುವಿನಿಂದ ಹೊರಕ್ಕೆ.

ಟೊಮ್ಯಾಟೊ ಓಮ್ನಿ
ಎತ್ತೋದಕ್ಕೆ ಬರದಿದ್ರೆ ಸ್ಕ್ರೂ ಡ್ರೈವರ್ ಸಂದಿಗೆ ಹಾಕಿ ಮೀಟೋದು, ನಮ್ಮ ಕಡೆ ಇದೇ ಪದ್ಧತಿ 😀

ಕೆಜಿಎಫ್ ಫಿಟ್ಟರ್
ಆ ಒಂದು ಗೀರು ಸಾಕು, ಅಲ್ಲಿಂದಲೇ ನೀರು ದಾರಿ ಮಾಡ್ಕೊಳ್ಳುತ್ತೆ. ಮರದ ತುಂಡು ಇಟ್ಟು ಹೆಡ್‌ನ ದಪ್ಪ ಭಾಗಕ್ಕೆ ಪಕ್ಕದಿಂದ ತಟ್ಟು. ಮ್ಯಾನಿಫೋಲ್ಡ್ ಹಿಡಿದು ಅಲ್ಲಾಡಿಸಿದ್ರೂ ಬಿಡುತ್ತೆ. ಎದ್ದ ಮೇಲೆ ನೇರ ಮೇಲಕ್ಕೆ ಎತ್ತು, ಡೋವೆಲ್ ಪಿನ್ ಇವೆ. ನೆಲದ ಮೇಲೆ ಬೋರಲು ಇಡಬೇಡ. ತೆರೆದಿರೋ ವಾಲ್ವ್ ಹೊರಗೆ ಚಾಚಿರುತ್ತೆ, ಬಾಗುತ್ತೆ. ಎರಡು ರೀಪರ್ ತುಂಡಿನ ಮೇಲೆ ಇಡು.

ಟೊಮ್ಯಾಟೊ ಓಮ್ನಿ
ಓಮ್ನಿಗೂ ಇದೇ ಎಂಜಿನ್ ತಾನೆ? ಸೀಟಿನ ಕೆಳಗಿದೆ, ಕೈ ಹೋಗಲ್ಲ.

ಹಳೇ ಕಾರ್ಬ್ಯುರೇಟರ್
ಹಳೇ ಕಾರ್ಬ್ಯುರೇಟರ್ ಓಮ್ನಿಗೂ ಅದೇ 796 ಸಿಸಿ. ಆದರೆ ಎಂಜಿನ್ ಮುಂದಿನ ಸೀಟಿನಡಿ, ರೇಡಿಯೇಟರ್ ಮೂತಿಯಲ್ಲಿ, ನಡುವೆ ಉದ್ದ ಪೈಪು. ಗಾಳಿ ಕಟ್ಟಿಕೊಳ್ಳೋದು ಅದರಲ್ಲೇ ಜಾಸ್ತಿ. ಕೋಲಾರ ಮಾರ್ಕೆಟ್‌ಗೆ ಟೊಮ್ಯಾಟೊ ಕ್ರೇಟು ತಲೆಮಟ್ಟ ಹೇರಿಕೊಂಡು ಹೋಗೋ ಓಮ್ನಿಗಳಲ್ಲಿ ಹೆಡ್ ಹೋಗೋಕೆ ಅರ್ಧ ಕಾರಣ ಅದು, ಇನ್ನರ್ಧ ಕ್ರೇಟು.

ಗೌರಿಬಿದನೂರು ಗೇರ್
ಹೆಡ್ ತೆಗೆದ ತಕ್ಷಣ ಗ್ಯಾಸ್ಕೆಟ್ ಕಿತ್ತು ಬಿಸಾಕಬೇಡಿ. ಅದೇ ಜಾತಕ. ಕಪ್ಪು ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿ. ಎರಡು ಬೋರ್ ನಡುವೆ ಕಪ್ಪಾಗಿದ್ರೆ ಬೆಂಕಿ ದಾಟಿದೆ. ಬೋರ್‌ನಿಂದ ನೀರಿನ ತೂತಿಗೆ ಗೆರೆ ಇದ್ರೆ ಗುಳ್ಳೆ ಬಂದಿದ್ದು ಅಲ್ಲಿಂದ. ನೀರಿನ ತೂತಿನ ಸುತ್ತ ಹೆಡ್ಡನ್ನೇ ಗೆದ್ದಲು ತಿಂದಂಗೆ ತಿಂದಿದ್ರೆ ಬೋರ್‌ವೆಲ್ ನೀರಿನ ಕರಾಮತ್ತು.

ಬಂಗಾರಪೇಟೆ ಪಾನಾ
ಬೋರ್ ನೀರು ಹಾಕದೆ ಇನ್ನೇನು ಹಾಕೋದು? ನಮ್ಮ ಜಿಲ್ಲೇಲಿ ಹೊಳೆ ಎಲ್ಲಿದೆ?

ಶಿರಾಗೇಟ್ ಸವಾರಿ
ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಬಿಡೋ ಕೆಸಿ ವ್ಯಾಲಿ ನೀರು ಕೆರೆಗೆ ಬಂದಿದೆಯಲ್ಲ, ಒಂದು ಬಿಂದಿಗೆ ಹಾಕು 😂

ಹಳೇ ಕಾರ್ಬ್ಯುರೇಟರ್
ತಮಾಷೆ ಬಿಡಿ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್ ನೀರು ಗಡಸು. ಬಿಸಿಯಾದಾಗ ಸುಣ್ಣ ಕೂರುತ್ತೆ, ಅದೂ ಹೆಚ್ಚು ಬಿಸಿ ಇರೋ ಜಾಗದಲ್ಲೇ, ಅಂದ್ರೆ ಎಕ್ಸಾಸ್ಟ್ ವಾಲ್ವ್ ಸುತ್ತ. ಸುಣ್ಣದ ಪದರ ಶಾಖ ದಾಟಿಸಲ್ಲ. ಮುಳ್ಳು ನಾರ್ಮಲ್ ತೋರಿಸ್ತಿದ್ರೂ ಒಳಗೆ ಆ ಜಾಗ ಕಾದು ಬಿರುಕು ಬಿಡುತ್ತೆ. ಪೆಟ್ರೋಲ್ ಬಂಕ್‌ನಲ್ಲಿ ಬ್ಯಾಟರಿ ನೀರು ಸಿಗುತ್ತೆ. 5 ಲೀಟರ್ ಕ್ಯಾನ್ ತಗೊಂಡು ಅರ್ಧಕ್ಕರ್ಧ ಕೂಲಂಟ್ ಬೆರೆಸಿ. ಎಸಿಯಿಂದ ತೊಟ್ಟಿಕ್ಕೋ ನೀರೂ ನಡೆಯುತ್ತೆ, ಸೋಸಿ ಹಾಕಿ. ಆರ್‌ಒ ಯಂತ್ರದ ವೇಸ್ಟ್ ಪೈಪಿನ ನೀರು ಮಾತ್ರ ಬೇಡವೇ ಬೇಡ, ಅದು ಬೋರ್ ನೀರಿಗಿಂತ ಕೆಟ್ಟದು.

ಚಿಕ್ಕಬಳ್ಳಾಪುರ_800
ಹೆಡ್ ಹೊರಗಿದೆ. 2–3ರ ನಡುವೆ ಗ್ಯಾಸ್ಕೆಟ್ ಒಂದು ಬೆರಳಗಲ ಕಪ್ಪು, ಲೋಹದ ರಿಂಗ್ ತುಂಡಾಗಿದೆ. 3ನೇ ಬೋರ್‌ನಿಂದ ನೀರಿನ ತೂತಿಗೂ ಸಣ್ಣ ಗೆರೆ. ಹೆಡ್‌ಗೆ ಹಳೇ ಪ್ಯಾಕಿಂಗ್ ಅಂಟಿದೆ. ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಉಜ್ಜಲಾ?

ಲೇತ್ ಮೇಷ್ಟ್ರು
ಬೇಡ ಬೇಡ ಬೇಡ. ಅಲ್ಯೂಮಿನಿಯಂ ಮೆತ್ತಗೆ, ಕಣ್ಣಿಗೆ ಕಾಣದಂಗೆ ಗುಳಿ ಬೀಳುತ್ತೆ. ಎಮರಿ ಡಿಸ್ಕೂ ಬೇಡ. ಅದರ ಪುಡಿ ಆಯಿಲ್ ದಾರಿಗೆ ಹೋದ್ರೆ ಬೇರಿಂಗ್ ತಿನ್ನುತ್ತೆ. ಗ್ಯಾಸ್ಕೆಟ್ ರಿಮೂವರ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಕೊನೆಗೆ ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಬ್ಲಾಕ್ ಕಡೆ ಕೆರೆಯುವಾಗ ಬೋರ್‌ಗೆ, ನೀರಿನ ತೂತಿಗೆ, ಆಯಿಲ್ ತೂತಿಗೆ ಬಟ್ಟೆ ತುರುಕಿ. ಎಷ್ಟು ತುಂಡು ತುರುಕಿದಿರಿ ಅಂತ ಎಣಿಸಿಡಿ.

ಬಹಳ ಮುಖ್ಯವಾದದ್ದು: ಬ್ಲಾಕ್‌ನ ಬೋಲ್ಟ್ ತೂತುಗಳು. ಒಳಗೆ ನೀರೋ ಆಯಿಲೋ ನಿಂತಿದ್ರೆ ಬೋಲ್ಟ್ ಇಳಿಸುವಾಗ ಅದಕ್ಕೆ ಹೋಗೋಕೆ ಜಾಗ ಇಲ್ಲ. ಒಂದೋ ಟಾರ್ಕ್ ಸುಳ್ಳು ತೋರಿಸುತ್ತೆ, ಇಲ್ಲ ಬ್ಲಾಕ್ ಬಿರುಕು ಬಿಡುತ್ತೆ. ಇಯರ್ ಬಡ್, ಬಟ್ಟೆ, ಕೊನೆಗೆ ಗಾಳಿ ಹೊಡೆದು ಒಣಗಿಸಿ. ಹಳೇ ಹೆಡ್ ಬೋಲ್ಟ್ ಒಂದಕ್ಕೆ ಉದ್ದಕ್ಕೆ ಹ್ಯಾಕ್ಸಾದಲ್ಲಿ ಸೀಳು ಹಾಕಿದ್ರೆ ಅದೇ ತ್ರೆಡ್ ಕ್ಲೀನರ್. ಕೈಯಲ್ಲೇ ತಳದವರೆಗೂ ಇಳಿಯಬೇಕು.

ಗೌರಿಬಿದನೂರು ಗೇರ್
ಲೇತ್ ಅಂಗಡಿಗೆ ತೊಳೆಯೋಕೆ ಕೊಟ್ಟರೆ "ಇದು ಅಲ್ಯೂಮಿನಿಯಂ" ಅಂತ ಬಾಯಿಬಿಟ್ಟು ಹೇಳಿ. ಲಾರಿ ಬ್ಲಾಕ್ ಮುಳುಗಿಸೋ ಕಾಸ್ಟಿಕ್ ಸೋಡಾ ತೊಟ್ಟಿಗೆ ಇದನ್ನೂ ಹಾಕಿದ್ರೆ ನೊರೆ ಎದ್ದು ಹೆಡ್ಡೇ ಕರಗುತ್ತೆ. ಸುಣ್ಣ ತೆಗೆಯೋಕೆ ಬಚ್ಚಲಿನ ಆ್ಯಸಿಡ್ ಹಾಕೋರಿಗೂ ಅದೇ ಮಾತು.

ಲೇತ್ ಮೇಷ್ಟ್ರು
ಈಗ ಅಳತೆ. ನೇರ ಪಟ್ಟಿ ಅಂದ್ರೆ ಮೇಷಿನ್ ಮಾಡಿದ ಸ್ಟ್ರೈಟ್ ಎಡ್ಜ್, ಮಗುವಿನ ಜಾಮಿಟ್ರಿ ಬಾಕ್ಸಿನ ಸ್ಕೇಲಲ್ಲ. ಹೆಡ್ ಮೇಲೆ ಆರು ಕಡೆ ಇಡಿ: ನಾಲ್ಕು ಅಂಚು, ಎರಡು ಕರ್ಣ. ಪ್ರತಿ ಕಡೆ ಪಟ್ಟಿಯಡಿ ಫೀಲರ್ ಗೇಜ್ ತೂರಿಸಿ. 0.05 ಮಿ.ಮೀ. ಎಲೆ ಎಲ್ಲೂ ತೂರದಿದ್ರೆ ಫೇಸಿಂಗ್ ಬೇಡ, ಹಾಗೇ ಕೂರಿಸಿ. ತೂರಿದ್ರೆ ಬೇಕು. ಬ್ಲಾಕ್ ಮುಖಕ್ಕೂ ಇದೇ ಪರೀಕ್ಷೆ, ಅದನ್ನ ಯಾರೂ ಮಾಡಲ್ಲ. ಮ್ಯಾನಿಫೋಲ್ಡ್ ಕೂರೋ ಮುಖಕ್ಕೆ 0.10ರವರೆಗೆ ನಡೆಯುತ್ತೆ.

ಬಂಗಾರಪೇಟೆ ಪಾನಾ
ಸಾರ್, ಸಣ್ಣ ದುಡ್ಡಿನ ಕೆಲಸಕ್ಕೆ ಇಷ್ಟೆಲ್ಲ ಯಾಕೆ? ಒಂದು ಕೋಟ್ ಹೊಡೆಸಿದ್ರೆ ನೆಮ್ಮದಿ.

ಲೇತ್ ಮೇಷ್ಟ್ರು
ನೆಮ್ಮದಿಗೆ ಲೆಕ್ಕ ಹಾಕೋಣ. ಬೋರ್ 68.5, ಸ್ಟ್ರೋಕ್ 72 ಮಿ.ಮೀ. ಒಂದು ಸಿಲಿಂಡರ್ 265 ಸಿಸಿ. ಕಂಪ್ರೆಷನ್ ರೇಶಿಯೋ 8.7 ಅಂದ್ರೆ ಮೇಲೆ ಉಳಿಯೋ ಜಾಗ ಸುಮಾರು 34.5 ಸಿಸಿ. 0.3 ಮಿ.ಮೀ. ತೆಗೆದ್ರೆ ಹೆಚ್ಚೆಂದ್ರೆ 1.1 ಸಿಸಿ ಹೋಗುತ್ತೆ, ರೇಶಿಯೋ 8.9 ದಾಟುತ್ತೆ. ಒಂದು ಸಲಕ್ಕೆ ಪರವಾಗಿಲ್ಲ. ಮೂರು ಮಾಲೀಕರು, ಮೂರು ಗ್ಯಾರೇಜು, ಮೂರು ಸಲ "ಒಂದು ಕೋಟ್" ಆದಾಗ ಏರಲ್ಲಿ ಟಕಟಕ ನಾಕಿಂಗ್ ಶುರು. ಅಲ್ಲದೆ ಕ್ಯಾಮ್‌ಗೂ ಕ್ರ್ಯಾಂಕ್‌ಗೂ ಇರೋ ದೂರ ಕಮ್ಮಿಯಾಗಿ ವಾಲ್ವ್ ಟೈಮಿಂಗೂ ಸ್ವಲ್ಪ ಹಿಂದೆ ಬೀಳುತ್ತೆ.

ಇನ್ನೂ ದೊಡ್ಡ ವಿಷಯ. ಈ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್‌ಗೆ ಬೇರೆ ಬೇರಿಂಗ್ ಇಲ್ಲ, ಹೆಡ್‌ನ ಅಲ್ಯೂಮಿನಿಯಂನಲ್ಲೇ ತಿರುಗುತ್ತೆ. ಹೆಡ್ ಬಾಗಿದಾಗ ತಳ ಒಂದೇ ಅಲ್ಲ, ಕ್ಯಾಮ್ ಕೂರೋ ಸಾಲೂ ಬಾಗಿರುತ್ತೆ. ತಳ ಫೇಸಿಂಗ್ ಮಾಡಿದ್ರೆ ತಳ ನೇರ ಆಯ್ತು, ಮೇಲಿನದು ಹಾಗೇ ಉಳೀತು. ಅದಕ್ಕೇ ರಾಕರ್ (ವಾಲ್ವ್ ಒತ್ತೋ ತೋಳು) ಬಿಚ್ಚಿ ಬರೀ ಕ್ಯಾಮ್ ಹಾಕಿ ಬೆರಳಲ್ಲಿ ತಿರುಗಿಸಿ ನೋಡಬೇಕು. ಒಂದು ಕಡೆ ಹಿಡಿದ್ರೆ ಆ ಹೆಡ್ ಆಸೆ ಬಿಡಿ.

ಬಂಗಾರಪೇಟೆ ಪಾನಾ
ಕ್ಯಾಮ್ ವಿಷಯ ಒಪ್ಪಿದೆ. ಆದರೂ ಸುಟ್ಟ ಜಾಗದಲ್ಲಿ ಗುಳಿ ಇದ್ರೆ ಪಟ್ಟಿ ಸರಿ ತೋರಿಸಿದ್ರೂ ಪ್ಯಾಕಿಂಗ್ ಹಿಡಿಯಲ್ಲ.

ಲೇತ್ ಮೇಷ್ಟ್ರು
ಅದು ಸರಿಯಾದ ಮಾತು. ಬೆಂಕಿ ದಾಟಿದ ಜಾಗದಲ್ಲಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿದ್ರೆ ಅಳತೆ ಏನೇ ಇರಲಿ ಫೇಸಿಂಗ್. ಗುಳಿ ಆಳ ಇದ್ರೆ ಮೊದಲು ಅಲ್ಯೂಮಿನಿಯಂ ವೆಲ್ಡಿಂಗ್, ಆಮೇಲೆ ಫೇಸಿಂಗ್.

ಕೆಜಿಎಫ್ ಫಿಟ್ಟರ್
ಬಿರುಕು ನೋಡೋದು ಮರೀಬೇಡಿ. ಎರಡು ವಾಲ್ವ್ ಸೀಟಿನ ನಡುವೆ, ಎಕ್ಸಾಸ್ಟ್ ಸೀಟಿನಿಂದ ಪ್ಲಗ್ ತೂತಿನ ಕಡೆಗೆ, ಈ ಎರಡು ಜಾಗ. ಬಣ್ಣದ ಸ್ಪ್ರೇ ಮೂರು ಡಬ್ಬಿ ಬರುತ್ತೆ: ಕ್ಲೀನರ್, ಕೆಂಪು, ಬಿಳಿ. ಕೆಂಪು ಹೊಡೆದು ಹದಿನೈದು ನಿಮಿಷ ಬಿಟ್ಟು ಒರೆಸಿ ಬಿಳಿ ಹೊಡೆದ್ರೆ ಬಿರುಕು ಇದ್ದಲ್ಲಿ ಕೆಂಪು ಗೆರೆ ಮೂಡುತ್ತೆ. ಒಳಗಿನ ನೀರಿನ ದಾರಿ ಬಿರುಕು ಇದರಲ್ಲಿ ಸಿಗಲ್ಲ. ಅದಕ್ಕೆ ಪ್ರೆಷರ್ ಟೆಸ್ಟ್: ನೀರಿನ ತೂತೆಲ್ಲ ಪ್ಲೇಟ್ ಹಾಕಿ ಮುಚ್ಚಿ, ಗಾಳಿ ತುಂಬಿ, ಬಿಸಿನೀರಲ್ಲಿ ಮುಳುಗಿಸಿ ಗುಳ್ಳೆ ನೋಡ್ತಾರೆ. ತಣ್ಣೀರಲ್ಲಿ ಮಾಡಿದ್ರೆ ಎಷ್ಟೋ ಬಿರುಕು ಬಾಯಿ ಬಿಡಲ್ಲ.

ಶಿರಾಗೇಟ್ ಸವಾರಿ
ಫೇಸಿಂಗ್‌ಗೆ ಮುಂಚೆ ಪ್ರೆಷರ್ ಟೆಸ್ಟ್, ಆಮೇಲಲ್ಲ. ಬಿರುಕು ಹೆಡ್‌ಗೆ ಫೇಸಿಂಗ್ ದುಡ್ಡು ಕೊಡೋದು ಹರಿದ ಅಂಗಿಗೆ ಇಸ್ತ್ರಿ ಮಾಡಿಸಿದಂಗೆ.

ಚಿಕ್ಕಬಳ್ಳಾಪುರ_800
ಅಳತೆ: ಉದ್ದಕ್ಕೆ 0.08, ಒಂದು ಕರ್ಣ 0.10, ಇನ್ನೊಂದು 0.06. ಬ್ಲಾಕ್‌ನಲ್ಲಿ 0.05 ಎಲೆ ಎಲ್ಲೂ ಹೋಗ್ತಿಲ್ಲ. 2–3ರ ನಡುವೆ ಉಗುರು ಸ್ವಲ್ಪ ಸಿಗುತ್ತೆ. ಕ್ಯಾಮ್ ಬೆರಳಲ್ಲಿ ಸಲೀಸಾಗಿ ತಿರುಗ್ತಿದೆ.

ಲೇತ್ ಮೇಷ್ಟ್ರು
ಹಾಗಾದ್ರೆ ಫೇಸಿಂಗ್ ಮಾಡಿಸಿ. "ಮುಖ ಪೂರ್ತಿ ಹೊಳೆಯೋ ತನಕ ಮಾತ್ರ, 0.15 ದಾಟಬಾರದು, ದಾಟಬೇಕಾದ್ರೆ ಫೋನ್ ಮಾಡಿ" ಅಂತ ಹೇಳಿ ಕೊಡಿ.

ಬಂಗಾರಪೇಟೆ ಪಾನಾ
ನಾನು ಮೊದಲೇ ಹೇಳಿದ್ನಲ್ಲ! 😎

ಲೇತ್ ಮೇಷ್ಟ್ರು
ಹೇಳಿದ್ರಿ. ಅಳೆಯದೆ ಹೇಳಿದ್ರಿ.

ಗೌರಿಬಿದನೂರು ಗೇರ್
ಹೆಡ್ ಹೊರಗಿರುವಾಗ ವಾಲ್ವ್ ಕೆಲಸ ಮುಗಿಸಿಬಿಡಿ. ಮೊದಲು ಸೋರಿಕೆ ಪರೀಕ್ಷೆ: ಪ್ಲಗ್ ಹಾಕಿ, ಹೆಡ್‌ನ ತಳ ಮೇಲೆ ಬರೋ ಹಾಗೆ ಇಟ್ಟು, ವಾಲ್ವ್ ಮುಚ್ಚಿರೋ ಗುಂಡಿಗೆ ಸೀಮೆಎಣ್ಣೆ ತುಂಬಿಸಿ ಹತ್ತು ನಿಮಿಷ ಬಿಡಿ. ಪೋರ್ಟ್ ಒಳಗೆ ತೇವ ಕಂಡ್ರೆ ಆ ವಾಲ್ವ್ ಕೂರ್ತಿಲ್ಲ.

ಟೊಮ್ಯಾಟೊ ಓಮ್ನಿ
ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತೆ ಅಣ್ಣ, ರೇಷನ್ ಅಂಗಡೀಲೂ ಇಲ್ಲ.

ಗೌರಿಬಿದನೂರು ಗೇರ್
ಥಿನ್ನರ್ ಹಾಕು, ಬೀಡಿ ದೂರ ಇಟ್ಟುಕೊಂಡು. ಡೀಸೆಲ್ಲಾದ್ರೂ ನಡೆಯುತ್ತೆ, ಜಾಸ್ತಿ ಹೊತ್ತು ಬಿಡಬೇಕು ಅಷ್ಟೆ.

ವಾಲ್ವ್ ಆರು. ರಟ್ಟಿಗೆ ಆರು ತೂತು ಮಾಡಿ ನಂಬರ್ ಬರೆದು ಸಾಲಾಗಿ ಚುಚ್ಚಿ. ಅದಲು ಬದಲು ಆಗಬಾರದು, ಒಂದೊಂದೂ ತನ್ನ ಗೈಡ್‌ಗೆ (ವಾಲ್ವ್ ಓಡಾಡೋ ಕೊಳವೆಗೆ) ಸವೆದು ಹೊಂದಿಕೊಂಡಿರುತ್ತೆ. ಗೈಡ್‌ನಲ್ಲಿ ವಾಲ್ವ್ ಸ್ವಲ್ಪ ಎತ್ತಿ ಅಡ್ಡಕ್ಕೆ ಆಡಿಸಿ. ಕಣ್ಣಿಗೆ ಕಾಣುವಷ್ಟು ಆಡಿದ್ರೆ ಗೈಡ್ ಬದಲಿಸಿ. ಗೈಡ್ ಬದಲಿಸಿದ ಮೇಲೆ ಸೀಟ್ ಮತ್ತೆ ಕಟಿಂಗ್ ಆಗಲೇಬೇಕು, ಕೇಂದ್ರ ತಪ್ಪಿರುತ್ತೆ.

ಲ್ಯಾಪಿಂಗ್‌ಗೆ (ಪೇಸ್ಟ್ ಹಚ್ಚಿ ವಾಲ್ವನ್ನ ಸೀಟಿಗೆ ತಿಕ್ಕಿ ಕೂರಿಸೋದು) ಒರಟು ಪೇಸ್ಟ್ ಗುಳಿ ಇದ್ರೆ ಮಾತ್ರ. ಇಲ್ಲದಿದ್ರೆ ನುಣುಪಿನದೊಂದೇ. ಕಡ್ಡಿ ಹಿಂದೆ ಮುಂದೆ ಉರುಳಿಸ್ತಾ, ಆಗಾಗ ಎತ್ತಿ ಕಾಲು ಸುತ್ತು ತಿರುಗಿಸಿ ಕೂರಿಸಿ. ಸುತ್ತಲೂ ಕಡಿಯದ ಬೂದು ಪಟ್ಟಿ ಬರಬೇಕು, ಅಗಲ 1.3ರಿಂದ 1.5 ಮಿ.ಮೀ. ಅಗಲ ಜಾಸ್ತಿಯಾದ್ರೆ ಕಾರ್ಬನ್ ಸಿಕ್ಕಿಕೊಂಡು ಸೋರುತ್ತೆ, ಕಮ್ಮಿಯಾದ್ರೆ ಶಾಖ ಹೆಡ್‌ಗೆ ದಾಟದೆ ಎಕ್ಸಾಸ್ಟ್ ವಾಲ್ವ್ ಸುಡುತ್ತೆ. ಪೇಸ್ಟ್ ಒಂದು ಕಣ ಉಳಿಯದಂಗೆ ತೊಳೀರಿ.

ಸ್ಟೆಮ್ ಸೀಲ್ ಆರೂ ಹೊಸದು. ಹಳೇದನ್ನ ಒತ್ತಿ ನೋಡಿ, ಬಳೆ ಥರ ಗಟ್ಟಿಯಾಗಿರುತ್ತೆ. ಇಳಿಜಾರಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ನೀಲಿ ಹೊಗೆ ಬರೋದು ಇದರಿಂದ.

ಶಿರಾಗೇಟ್ ಸವಾರಿ
ಜೊತೆಗೆ ಕ್ಯಾಮ್ ಸೀಲ್, ಟೈಮಿಂಗ್ ಬೆಲ್ಟ್, ವಾಟರ್ ಬಾಡಿ (ನೀರಿನ ಪಂಪ್) ಕೂಡ ನೋಡ್ಕೊ. ಬೆಲ್ಟ್ ಹೇಗೂ ಕೈಯಲ್ಲಿದೆ. ಬೆಂಗಳೂರು ಜೆ.ಸಿ. ರೋಡಿಗೆ ಹೋಗೋದಾದ್ರೆ ಹಳೇ ಗ್ಯಾಸ್ಕೆಟ್ ಜೊತೆಗೇ ತಗೊಂಡು ಹೋಗಿ ಮೇಲಿಟ್ಟು ಹೋಲಿಸಿ ನೋಡು. ಕಾರ್ಬ್ಯುರೇಟರ್ ಎಂಜಿನ್ನಿಗೂ ಆಮೇಲೆ ಬಂದ 12 ವಾಲ್ವ್ ಎಂಪಿಎಫ್‌ಐಗೂ (ಪೆಟ್ರೋಲ್ ಇಂಜೆಕ್ಷನ್ ಎಂಜಿನ್) ಬೇರೆ ಬೇರೆ. ಎರಡಕ್ಕೂ "800 ಪ್ಯಾಕಿಂಗ್" ಅಂತಲೇ ಕೊಡ್ತಾರೆ.

ಟೊಮ್ಯಾಟೊ ಓಮ್ನಿ
ಪ್ಯಾಕಿಂಗ್‌ಗೆ ಎರಡೂ ಕಡೆ ಅನಾಬಾಂಡ್ ಅಂಟು ಬಳಿದ್ರೆ ಸೇಫ್ ಅಲ್ವಾ?

ಕೆಜಿಎಫ್ ಫಿಟ್ಟರ್
ಹೆಡ್ ಗ್ಯಾಸ್ಕೆಟ್‌ಗೆ ಬೇಡ. ಕಬ್ಬಿಣದ ಬ್ಲಾಕ್ ಮೇಲೆ ಅಲ್ಯೂಮಿನಿಯಂ ಹೆಡ್. ಹೆಡ್ ಉದ್ದ 30 ಸೆಂ.ಮೀ. ಅಂತ ಇಟ್ಕೋ, 80 ಡಿಗ್ರಿ ಏರಿದ್ರೆ ಹೆಡ್ ಅರ್ಧ ಮಿಲಿಮೀಟರ್ ಬೆಳೆಯುತ್ತೆ, ಬ್ಲಾಕ್ ಅದರರ್ಧ. ಆ ಜಾರಾಟವನ್ನ ಗ್ಯಾಸ್ಕೆಟ್ ಪ್ರತಿದಿನ ತಡಕೊಳ್ಳೋ ಹಾಗೆ ಮಾಡಿರ್ತಾರೆ. ಅಂಟು ಹಚ್ಚಿದ್ರೆ ಅದರ ಮೇಲ್ಪದರ ಕಿತ್ತು ಬರುತ್ತೆ. ಹಿಂಡಿ ಬಂದ ಅಂಟು ಆಯಿಲ್ ತೂತು ಮುಚ್ಚಿದ್ರೆ ಮೇಲೆ ರಾಕರ್‌ಗೆ ಆಯಿಲ್ ಹೋಗಲ್ಲ. ಒಣಗಿದ, ಎಣ್ಣೆಯಿಲ್ಲದ ಮುಖಕ್ಕೆ ಹಾಗೇ ಇಡು. "ಟಾಪ್" ಗುರುತು ಮೇಲಕ್ಕೆ, ಆಯಿಲ್ ತೂತು ಹೊಂದ್ತಿದೆಯಾ ನೋಡು.

ಹಳೇ ಕಾರ್ಬ್ಯುರೇಟರ್
ಟಾರ್ಕ್ ವಿಷಯದಲ್ಲಿ ಎಲ್ಲರೂ ಎಡವೋದು ಅಳತೆ ಭಾಷೆಯಲ್ಲಿ. ಈ ಎಂಜಿನ್ನಿಗೆ 5.5ರಿಂದ 6 ಕೆಜಿ-ಮೀಟರ್, ಅಂದ್ರೆ ಸುಮಾರು 55ರಿಂದ 60 ನ್ಯೂಟನ್ ಮೀಟರ್. ಬಾಡಿಗೆ ರೆಂಚ್‌ನಲ್ಲಿ ಫುಟ್-ಪೌಂಡ್ ಸ್ಕೇಲೂ ಇರುತ್ತೆ. ಅದರಲ್ಲಿ 55 ಇಟ್ಟು ತಿರುಗಿಸಿದ್ರೆ 75 ನ್ಯೂಟನ್ ಮೀಟರ್ ಆಯ್ತು, ಬೋಲ್ಟ್ ಎಳೀತು ಇಲ್ಲ ತ್ರೆಡ್ ಕಿತ್ತಿತು. ಫುಟ್-ಪೌಂಡ್‌ನಲ್ಲಿ 40ರಿಂದ 43.

ಬೋಲ್ಟ್ ತ್ರೆಡ್‌ಗೂ ತಲೆಯಡಿಯ ವಾಷರ್‌ಗೂ ಒಂದೊಂದು ಹನಿ ಎಂಜಿನ್ ಆಯಿಲ್ ಒರೆಸಿ. ಹನಿ ಅಂದೆ, ಅದ್ದಿ ಅನ್ನಲಿಲ್ಲ. ಒಣ ಬೋಲ್ಟ್‌ಗೆ ರೆಂಚ್ ಅಳೆಯೋದು ಬರೀ ತಿಕ್ಕಾಟ. ನಡುವಿನ ಬೋಲ್ಟ್‌ನಿಂದ ಶುರು ಮಾಡಿ ಅಡ್ಡಡ್ಡ ಹೊರಕ್ಕೆ: ಮೊದಲ ಸರದಿ 2 ಕೆಜಿ-ಮೀಟರ್, ಎರಡನೇದು 4, ಮೂರನೇದು ಪೂರ್ತಿ. ಕೊನೆಗೊಮ್ಮೆ ಅದೇ ಕ್ರಮದಲ್ಲಿ ಎಲ್ಲವನ್ನೂ ಪರೀಕ್ಷಿಸಿ. ಹೆಡ್ ಕೂರಿಸೋ ಮುಂಚೆ ವಾಲ್ವ್ ಗ್ಯಾಪ್ ಹೊಂದಿಸೋ ಟ್ಯಾಪೆಟ್ ಸ್ಕ್ರೂ ಎಲ್ಲ ಸಡಿಲ ಮಾಡಿಡಿ, ಕ್ಯಾಮ್ ಗುರುತು ಸರಿಯಾಗಿರಲಿ.

ಟೊಮ್ಯಾಟೊ ಓಮ್ನಿ
ಸ್ವಿಫ್ಟ್ ಡೀಸೆಲ್‌ಗೂ ಇದೇ ಲೆಕ್ಕ ನಡೆಯುತ್ತಾ? ಪಕ್ಕದ ಮನೆಯವರು ಕೇಳ್ತಿದಾರೆ.

ಕೆಜಿಎಫ್ ಫಿಟ್ಟರ್
ಖಂಡಿತಾ ಇಲ್ಲ. ಅಂಥ ಎಂಜಿನ್‌ನಲ್ಲಿ ಬೋಲ್ಟ್ ಮೊದಲು ಕಮ್ಮಿ ಟಾರ್ಕ್, ಆಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸೋದು. ಆ ಬೋಲ್ಟ್ ಒಮ್ಮೆ ಎಳೆದ ರಬ್ಬರ್ ಇದ್ದಂಗೆ, ಹೊಸದೇ ಹಾಕಬೇಕು. ಎಷ್ಟೋ ಡೀಸೆಲ್‌ಗಳಲ್ಲಿ ಪಿಸ್ಟನ್ ಬ್ಲಾಕ್ ಮೇಲೆ ಎಷ್ಟು ಚಾಚುತ್ತೆ ಅಂತ ಡಯಲ್ ಗೇಜ್‌ನಲ್ಲಿ ಅಳೆದು ಗ್ಯಾಸ್ಕೆಟ್ ದಪ್ಪ ಆರಿಸ್ಬೇಕು. ಮನೇಲಿ ಮಾಡೋ ಕೆಲಸ ಅಲ್ಲ ಅಂತ ಹೇಳು ಅವರಿಗೆ.

ಗೌರಿಬಿದನೂರು ಗೇರ್
ಬೆಲ್ಟ್ ಹಾಕಿ ಗುರುತು ಸೇರಿಸಿ ಟೆನ್ಷನರ್ ಬಿಗಿ ಮಾಡಿದ ಮೇಲೆ ಸೆಲ್ಫ್ ಹೊಡೀಬೇಡಿ. ಪ್ಲಗ್ ಹಾಕೋ ಮುಂಚೆ ಕ್ರ್ಯಾಂಕ್ ಬೋಲ್ಟ್‌ಗೆ ಪಾನಾ ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು, ಗುರುತು ಮತ್ತೆ ಸೇರಬೇಕು. ಎಲ್ಲಾದ್ರೂ ಗಟ್ಟಿಯಾಗಿ ತಡೆದ್ರೆ ನಿಲ್ಲಿಸಿ.

ಟ್ಯಾಪೆಟ್ ಗ್ಯಾಪ್: ತಣ್ಣಗಿರುವಾಗ 0.15 ಮಿ.ಮೀ. ಫೈರಿಂಗ್ ಆರ್ಡರ್ 1-3-2. 1ನೇದು ಕಂಪ್ರೆಷನ್‌ನಲ್ಲಿ ಮೇಲಿದ್ದಾಗ ಅದರ ಎರಡೂ ವಾಲ್ವ್, ಕ್ರ್ಯಾಂಕ್ 240 ಡಿಗ್ರಿ ತಿರುಗಿಸಿ 3ನೇದು, ಇನ್ನೂ 240ಕ್ಕೆ 2ನೇದು. ಡಿಗ್ರಿ ಲೆಕ್ಕ ತಲೆನೋವಾದ್ರೆ ಡಿಸ್ಟ್ರಿಬ್ಯೂಟರ್ ರೋಟರ್ ನೋಡಿ, ಅದು 120 ಡಿಗ್ರಿ ಸರಿಯುತ್ತೆ.

ಬಂಗಾರಪೇಟೆ ಪಾನಾ
ಥರ್ಮೋಸ್ಟಾಟ್ ಮಾತ್ರ ತೆಗೆದು ಬಿಸಾಕಪ್ಪಾ. ನಮ್ಮ ಬಿಸಿಲಿಗೆ ಅದು ಯಾಕೆ?

ಹಳೇ ಕಾರ್ಬ್ಯುರೇಟರ್
ಈ ಮಾತಿಗೇ ಕಾಯ್ತಿದ್ದೆ. ತೆಗೆದ್ರೆ ಎಂಜಿನ್ ಕೆಲಸದ ಬಿಸಿಗೆ ಬರೋಕೇ ತುಂಬಾ ಹೊತ್ತು ಹಿಡಿಯುತ್ತೆ. ಪೆಟ್ರೋಲ್ ಜಾಸ್ತಿ, ಕಾರ್ಬನ್ ಜಾಸ್ತಿ, ಬೋರ್ ಸವೆತ ಜಾಸ್ತಿ. ಕೆಟ್ಟಿದೆಯಾ ಅಂತ ನೋಡೋದು ಸುಲಭ: ದಾರ ಕಟ್ಟಿ ಪಾತ್ರೆ ನೀರಲ್ಲಿ ಇಳಿಬಿಟ್ಟು ಕಾಯಿಸಿ. 82 ಅಥವಾ 88 ಅಂತ ಅದರ ಮೇಲೇ ಒತ್ತಿರುತ್ತೆ, ಆ ಶಾಖಕ್ಕೆ ಬಾಯಿ ಬಿಡಬೇಕು.

ಅಸಲಿಗೆ ನೋಡಬೇಕಾದ್ದು ರೇಡಿಯೇಟರ್ ಮುಚ್ಚಳ. ನಮ್ಮ ಎತ್ತರದಲ್ಲಿ, ಸುಮಾರು 900 ಮೀಟರ್, ಬಾಯಿ ತೆರೆದ ನೀರು 97 ಡಿಗ್ರಿಗೇ ಕುದಿಯುತ್ತೆ. ನಂದಿ ಬೆಟ್ಟದ ತುದೀಲಿ 95. 0.9 ಅಂತ ಬರೆದಿರೋ ಮುಚ್ಚಳ ಒತ್ತಡ ಹಿಡಿದ್ರೆ ಕುದಿಯೋ ಮಟ್ಟ 115 ದಾಟುತ್ತೆ. ರಬ್ಬರ್ ಗಟ್ಟಿಯಾದ ಮುಚ್ಚಳದಿಂದ ಆ ಇಪ್ಪತ್ತು ಡಿಗ್ರಿ ರಕ್ಷಣೆ ಪೂರ್ತಿ ಹೋಯ್ತು. ನೂರಿನ್ನೂರು ರೂಪಾಯಿ ಮುಚ್ಚಳ ಬದಲಿಸದೆ ಹೆಡ್ ಕೂರಿಸಿದ್ರೆ ಮುಂದಿನ ಏರಲ್ಲೇ ಮತ್ತೆ ಅದೇ ಕಥೆ.

ಬಂಗಾರಪೇಟೆ ಪಾನಾ
ಜಾಮ್ ಆದ ಥರ್ಮೋಸ್ಟಾಟ್‌ಗಿಂತ ಇಲ್ಲದ್ದೇ ವಾಸಿ ಅಂತ ನನ್ನ ವಾದ.

ಹಳೇ ಕಾರ್ಬ್ಯುರೇಟರ್
ಜಾಮ್ ಆಗಿದ್ರೆ ಹೊಸದು ಹಾಕಿ.

ಚಿಕ್ಕಬಳ್ಳಾಪುರ_800
ಫೇಸಿಂಗ್ 0.12 ತೆಗೆದಿದಾರೆ, ಪ್ರೆಷರ್ ಟೆಸ್ಟ್ ಮುಂಚೇನೇ ಆಯ್ತು, ಬಿರುಕಿಲ್ಲ. ಲ್ಯಾಪಿಂಗ್, ಸ್ಟೆಮ್ ಸೀಲ್, ಬೆಲ್ಟ್ ಮುಗೀತು. ಮುಚ್ಚಳ ಹೊಸದು. ರೇಡಿಯೇಟರ್ ಕೆಳಗಿನ ಅರ್ಧ ತಣ್ಣಗೇ ಇರ್ತಿತ್ತು, ಬಿಚ್ಚಿಸಿದ್ರೆ ಕೊಳವೆ ತುಂಬಾ ಸುಣ್ಣ, ಕಡ್ಡಿ ಹೊಡೆಸಿದೆ. ನೀರು ತುಂಬೋದು ಹೇಗೆ, ಗಾಳಿ ನಿಲ್ಲದಂಗೆ?

ಶಿರಾಗೇಟ್ ಸವಾರಿ
ಹಾಗಾದ್ರೆ ಕಳ್ಳ ಸಿಕ್ಕಿದ, ಆ ರೇಡಿಯೇಟರ್ರೇ. ಹೀಟರ್ ಪೂರ್ತಿ ಬಿಸಿ ಕಡೆ ತಿರುಗಿಸಿ, ನಿಧಾನಕ್ಕೆ ತುಂಬಿಸು. ಮುಚ್ಚಳ ಇಲ್ಲದೆ ಸ್ಟಾರ್ಟ್ ಮಾಡಿ ಬಿಡು. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಧಡಕ್ಕನೆ ಇಳಿಯುತ್ತೆ, ಮತ್ತೆ ತುಂಬಿಸು. ಫ್ಯಾನ್ ತಾನಾಗೇ ಒಮ್ಮೆ ತಿರುಗಿ ನಿಲ್ಲೋ ತನಕ ಅಲ್ಲೇ ನಿಂತಿರು. ತಿರುಗದಿದ್ರೆ ಫ್ಯಾನ್ ಸ್ವಿಚ್ ನೋಡು.

ಲೇತ್ ಮೇಷ್ಟ್ರು
ಆಯಿಲ್ ಮತ್ತು ಫಿಲ್ಟರ್ ಬದಲಿಸಿಯೇ ಸ್ಟಾರ್ಟ್ ಮಾಡಿ. ಬಿಚ್ಚುವಾಗ ಎಷ್ಟೇ ಜೋಪಾನ ಮಾಡಿದ್ರೂ ಸ್ವಲ್ಪ ನೀರು ಕೆಳಗೆ ಹೋಗಿರುತ್ತೆ.

ಬಂಗಾರಪೇಟೆ ಪಾನಾ
ಒಂದು ರೌಂಡ್ ಓಡಿಸಿ ಬಂದು ಬಿಸಿ ಬಿಸಿಯಲ್ಲೇ ಬೋಲ್ಟ್ ಇನ್ನೊಂದು ಸಲ ಟೈಟ್ ಮಾಡು.

ಕೆಜಿಎಫ್ ಫಿಟ್ಟರ್
ಬಿಸಿಯಲ್ಲಿ ಬೇಡ. ಗ್ಯಾಸ್ಕೆಟ್ ಪ್ಯಾಕೆಟ್ ಮೇಲೆ ರೀ-ಟಾರ್ಕ್ ಅಂತ ಇದ್ರೆ ಮಾತ್ರ ಮಾಡು. ಪದರ ಪದರ ಸ್ಟೀಲ್ ಗ್ಯಾಸ್ಕೆಟ್‌ಗೆ ಬೇಡ, ಹಳೇ ಮೆತ್ತನೆ ಜಾತಿಗೆ ಬೇಕು. ಮಾಡೋದಾದ್ರೆ ರಾತ್ರಿ ತಣ್ಣಗಾದ ಮೇಲೆ, ಅದೇ ಕ್ರಮದಲ್ಲಿ, ಒಂದೊಂದೇ ಬೋಲ್ಟ್ ಕಾಲು ಸುತ್ತು ಸಡಿಲಿಸಿ ಮತ್ತೆ ಪೂರ್ತಿ ಟಾರ್ಕ್‌ಗೆ ತಾ. ಸಡಿಲಿಸದೆ ಒತ್ತಿದ್ರೆ ನಿಂತ ತ್ರೆಡ್‌ನ ಹಿಡಿತವೇ ರೆಂಚ್‌ಗೆ ಟಾರ್ಕ್ ಆಗಿ ಕಾಣುತ್ತೆ, ಬೋಲ್ಟ್ ಅಲ್ಲಾಡಿರೋದೇ ಇಲ್ಲ.

ಚಿಕ್ಕಬಳ್ಳಾಪುರ_800
ಸ್ಟಾರ್ಟ್ ಆಯ್ತು. ಮೊದಲು ಎರಡು ನಿಮಿಷ ಸೈಲೆನ್ಸರ್‌ನಿಂದ ಹೊಗೆ ಬಂತು, ಆಮೇಲೆ ನಿಂತಿತು. ಗುಳ್ಳೆ ಇಲ್ಲ. ಕಂಪ್ರೆಷನ್ 12.8, 12.5, 12.6. ಟ್ಯಾಪೆಟ್ ಸ್ವಲ್ಪ ಸದ್ದು ಇದೆ.

ಗೌರಿಬಿದನೂರು ಗೇರ್
ಆ ಹೊಗೆ ಸೈಲೆನ್ಸರ್ ಒಳಗೆ ನಿಂತಿದ್ದ ನೀರಿಂದು. ಟ್ಯಾಪೆಟ್ 500 ಕಿ.ಮೀ. ಓಡಿದ ಮೇಲೆ ತಣ್ಣಗಿರುವಾಗ ಮತ್ತೊಮ್ಮೆ 0.15ಕ್ಕೆ ಇಡಿ. ಲ್ಯಾಪಿಂಗ್ ಆದ ವಾಲ್ವ್ ಕೂತಷ್ಟೂ ಗ್ಯಾಪ್ ಕಮ್ಮಿಯಾಗುತ್ತೆ. ಈಗ ಸ್ವಲ್ಪ ಸದ್ದು ಇದ್ದರೆ ಇರಲಿ, ಸದ್ದೇ ಇಲ್ಲದ ಟ್ಯಾಪೆಟ್ ಎಕ್ಸಾಸ್ಟ್ ವಾಲ್ವ್ ಸುಡುತ್ತೆ.

ಶಿರಾಗೇಟ್ ಸವಾರಿ
ಡಿಕ್ಕೀಲಿರೋ ಬೋರ್ ನೀರಿನ ಕ್ಯಾನ್ ಮಾತ್ರ ಇವತ್ತೇ ಗಿಡಕ್ಕೆ ಸುರಿ ಗುರು.